ಅಪ್‌ಡೇಟ್ ಆದಮೇಲೆ ಟಚ್‌ಪ್ಯಾಡ್ ಕೆಟ್ಟರೆ: ಡ್ರೈವರ್ ಹಿಂದಕ್ಕೋ, ಅಪ್‌ಡೇಟೇ ಹೊರಕ್ಕೋ?

ವಿಂಡೋಸ್ 11 ಅಪ್‌ಡೇಟ್ ನಂತರ ಟಚ್‌ಪ್ಯಾಡ್ ಕೆಟ್ಟರೆ ದಾರಿ ಎರಡು: ಸಾಧನವನ್ನು ನಡೆಸುವ ತಂತ್ರಾಂಶವಾದ ಡ್ರೈವರನ್ನು ಹಳೆಯದಕ್ಕೆ ಮರಳಿಸುವುದು, ಇಲ್ಲವೇ ಅಪ್‌ಡೇಟನ್ನೇ ತೆಗೆಯುವುದು. ಕೀಬೋರ್ಡೂ ಸ್ಪಂದಿಸದಿದ್ದರೆ ಮೊದಲು ಬಯಾಸ್ ಪರದೆಯಲ್ಲಿ (ವಿಂಡೋಸ್ ಶುರುವಾಗುವ ಮುನ್ನ ತೆರೆಯಬಹುದಾದ ಸೆಟ್ಟಿಂಗ್ ಪರದೆ) ಒತ್ತಿ ನೋಡಿ. ಅಲ್ಲೂ ಕೆಲಸ ಮಾಡದಿದ್ದರೆ ದೋಷ ಬಹುಮಟ್ಟಿಗೆ ಹಾರ್ಡ್‌ವೇರಿನದು. ಆಗ ಈ ಎರಡೂ ದಾರಿ ಬೇಡ.

ಕೆಟ್ಟಿರುವುದು ಟಚ್‌ಪ್ಯಾಡ್ ಒಂದೇ ಆದರೆ ಡ್ರೈವರ್ ಹಿಂದಕ್ಕೆ ಹಾಕುವುದೇ ಸರಿ. ಕೀಬೋರ್ಡಿನಿಂದಲೇ ಆಗುತ್ತದೆ: ವಿಂಡೋಸ್ ಕೀ ಜೊತೆ ಎಕ್ಸ್, ಆಮೇಲೆ ಎಂ ಒತ್ತಿದರೆ ಡಿವೈಸ್ ಮ್ಯಾನೇಜರ್. ಬಾಣದ ಕೀಗಳಿಂದ ಟಚ್‌ಪ್ಯಾಡ್ ಹೆಸರಿಗೆ ಇಳಿದು ಎಂಟರ್ ಒತ್ತಿ. ಡ್ರೈವರ್ ಟ್ಯಾಬ್‌ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಇದೆ. ಅದು ಮಸುಕಾಗಿದ್ದರೆ ಹಳೆಯ ಡ್ರೈವರ್ ಉಳಿದಿಲ್ಲ ಎಂದರ್ಥ. ಆಗ ‘ಅನ್‌ಇನ್‌ಸ್ಟಾಲ್ ಡಿವೈಸ್’ ಕೊಟ್ಟು ರೀಸ್ಟಾರ್ಟ್ ಮಾಡಿ. ಆಗಲೂ ಬರದಿದ್ದರೆ ಲ್ಯಾಪ್‌ಟಾಪ್ ಕಂಪನಿಯ ಡ್ರೈವರನ್ನೇ ಹಾಕಿ. ಭದ್ರತಾ ಪ್ಯಾಚ್‌ಗೆ ಧಕ್ಕೆಯಿಲ್ಲ, ಅದೇ ಇದರ ದೊಡ್ಡ ಲಾಭ.

ಎರಡು ಮೂರು ಸಾಧನ ಒಟ್ಟಿಗೇ ಕೈಕೊಟ್ಟಿದ್ದರೆ ಮಾತ್ರ ಅಪ್‌ಡೇಟ್ ತೆಗೆಯಿರಿ: ಸೆಟ್ಟಿಂಗ್ಸ್, ವಿಂಡೋಸ್ ಅಪ್‌ಡೇಟ್, ಅಪ್‌ಡೇಟ್ ಹಿಸ್ಟರಿ, ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್. ಆ ತಿಂಗಳ ಭದ್ರತಾ ತಿದ್ದುಪಡಿಗಳೂ ಜೊತೆಗೇ ಹೋಗುತ್ತವೆ. ವಿಂಡೋಸ್ ಆವೃತ್ತಿಯೇ ಬದಲಾಗಿದ್ದರೆ, ಹಳೆಯದಕ್ಕೆ ಮರಳಿಸುವ, ಸೆಟ್ಟಿಂಗ್ಸ್‌ನ ರಿಕವರಿಯಲ್ಲಿರುವ ‘ಗೋ ಬ್ಯಾಕ್’ಗೆ ಸಾಮಾನ್ಯವಾಗಿ 10 ದಿನವಷ್ಟೇ ಗಡುವು.

ಡೆಸ್ಕ್‌ಟಾಪ್ ತೆರೆಯುತ್ತಿರುವಾಗಲೇ ಇದನ್ನು ಮುಗಿಸಿಕೊಳ್ಳಿ. 2025ರ ಅಕ್ಟೋಬರ್‌ನ ಕೆಬಿ5066835 ಎಂಬ ಅಪ್‌ಡೇಟ್ ಹಾಕಿದಾಗ, ವಿಂಡೋಸ್ ತೆರೆಯದಿದ್ದಾಗ ದುರಸ್ತಿಗೆ ಬಳಸುವ ರಿಕವರಿ ಪರದೆಯಲ್ಲೇ ಯುಎಸ್‌ಬಿ ಕೀಬೋರ್ಡ್, ಮೌಸ್ ನಿಂತುಹೋಗಿದ್ದವು; ಕೆಬಿ5070773 ಎಂಬ ಮುಂದಿನ ಅಪ್‌ಡೇಟ್ ಬಂದಮೇಲೆ ಸರಿಹೋಯಿತು.