ಕರೆಂಟ್ ಹೋದರೆ ನಿಮ್ಮ ಬಿಲ್ಡಿಂಗ್ ಬಾಗಿಲು ಏನಾಗುತ್ತೆ? ಕೇಳಿಕೊಂಡು ಆಮೇಲೆ ದುಡ್ಡು ಕೊಡಿ

ತುಮಕೂರಿನ ಅಶೋಕನಗರದ ಹತ್ತಿರ ನಮ್ಮದು ಮೂರು ಮಹಡಿಯ ಬಿಲ್ಡಿಂಗ್. ಎಂಟು ಮನೆ. ವಾಚ್‌ಮನ್ ಕೆಲಸ ಬಿಟ್ಟು ಊರಿಗೆ ಹೋದ ಮೇಲೆ ಎಲ್ಲರೂ ಸೇರಿ ದುಡ್ಡು ಹಾಕಿ ಕಾರ್ಡ್ ಲಾಕ್ ಹಾಕಿಸಿದೆವು. ಕೆಳಗಿನ ಮೇನ್ ಬಾಗಿಲಿಗೆ ಒಂದು, ಟೆರೇಸ್ ಬಾಗಿಲಿಗೆ ಒಂದು. ಬೀಗದ ಕೈ ಹುಡುಕುವ ತಾಪತ್ರಯ ಇಲ್ಲ. ಕಾರ್ಡ್ ತೋರಿಸಿದರೆ ಸಾಕು, ಮರೆತರೆ ನಂಬರ್ ಒತ್ತಿದರಾಯಿತು. ಎರಡು ತಿಂಗಳು ಎಲ್ಲರಿಗೂ ಖುಷಿ. ಮುಂದೆ ನಿಂತು ಮಾಡಿಸಿದವನು ನಾನೇ. ಹಾಗಾಗಿ ನಡೆದದ್ದನ್ನು ಹೇಳುವ ಜವಾಬ್ದಾರಿಯೂ ನನ್ನದೇ.

ಮೇ ತಿಂಗಳ ಒಂದು ಸಂಜೆ. ಮೋಡ ಕಟ್ಟಿತು. ಮೂರನೇ ಮಹಡಿಯ ಅಮ್ಮ ಬಿಸಿಲಿಗೆ ಹಾಕಿದ್ದ ಸಂಡಿಗೆ ತರೋಣ ಅಂತ ಟೆರೇಸಿಗೆ ಹೋದರು. ಅವರಿಗೆ ಅರವತ್ತೆಂಟು ವರ್ಷ. ಎರಡು ನಿಮಿಷದ ಕೆಲಸ ಅಲ್ವಾ, ಫೋನ್ ಮನೆಯಲ್ಲೇ ಬಿಟ್ಟಿದ್ದರು. ಗಾಳಿಗೆ ಬಾಗಿಲು ಹಿಂದಿನಿಂದ ಮುಚ್ಚಿಕೊಂಡಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಟೆರೇಸ್ ಕಡೆ ಗೋಡೆಗೆ ಒಂದು ಎಕ್ಸಿಟ್ ಬಟನ್ ಇತ್ತು. ಒತ್ತಿದರು, ಒತ್ತಿದರು, ಏನೂ ಆಗಲಿಲ್ಲ. ಆ ಬಟನ್ನಿಗೂ ಕರೆಂಟೇ ಬೇಕು!

ಗುಡುಗಿನ ಸದ್ದಿನಲ್ಲಿ ಅವರ ಕೂಗು ಯಾರಿಗೂ ಕೇಳಿಸಲಿಲ್ಲ. ಮುಕ್ಕಾಲು ಗಂಟೆ ಆದ ಮೇಲೆ ಮಗ ಕೆಲಸದಿಂದ ಬಂದು ಅಮ್ಮ ಎಲ್ಲಿ ಅಂತ ಹುಡುಕುತ್ತಾ ಮೇಲೆ ಹೋದ. ಒಳಗಿನಿಂದ ಕಾರ್ಡ್ ತೋರಿಸಿದರೂ ಬಾಗಿಲು ತೆರೆಯಲಿಲ್ಲ, ರೀಡರ್ ಸತ್ತಿತ್ತು. ಬೀಗದ ಕೈ ಹಾಕೋಣ ಅಂದರೆ ಆ ಲಾಕಿಗೆ ತೂತೇ ಇಲ್ಲ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದವರ ಹತ್ತಿರ ಹಾರೆ ಇಸ್ಕೊಂಡು ಬಂದು ನಾನೂ ಅವನೂ ಮೀಟಿ ಲಾಕ್ ಕಿತ್ತೆವು. ಅಮ್ಮ ನೀರಿನ ಟ್ಯಾಂಕಿನ ಮರೆಯಲ್ಲಿ, ಸಂಡಿಗೆ ಹಾಕಿದ್ದ ಪ್ಲಾಸ್ಟಿಕ್ ಹಾಳೆಯನ್ನೇ ತಲೆ ಮೇಲೆ ಹೊದ್ದು ಕೂತಿದ್ದರು. ತುಟಿ ನಡುಗುತ್ತಿತ್ತು. ಮೂರು ದಿನ ಜ್ವರ ಬಿಡಲಿಲ್ಲ.

ಈ ಗಡಿಬಿಡಿಯಲ್ಲಿ ಕೆಳಗಿನ ಬಾಗಿಲ ಕಡೆ ಯಾರೂ ನೋಡಲಿಲ್ಲ. ನೋಡಿದ್ದರೂ ಗೊತ್ತಾಗುತ್ತಿರಲಿಲ್ಲ. ಡೋರ್ ಕ್ಲೋಸರ್ ಇರುವುದರಿಂದ ಬಾಗಿಲು ನೀಟಾಗಿ ಮುಚ್ಚಿಕೊಂಡೇ ಇತ್ತು. ಆದರೆ ಲಾಕ್ ಆಗಿರಲಿಲ್ಲ, ಒಂದು ಬೆರಳಲ್ಲಿ ತಳ್ಳಿದರೂ ತೆರೆಯುತ್ತಿತ್ತು. ಕರೆಂಟ್ ಬಂದಿದ್ದು ರಾತ್ರಿ ಎರಡು ಗಂಟೆಗೆ. ಬೆಳಗ್ಗೆ ನೋಡಿದರೆ ಮೆಟ್ಟಿಲ ಕೆಳಗೆ ಇಟ್ಟಿದ್ದ ಎರಡು ಗ್ಯಾಸ್ ಸಿಲಿಂಡರ್ ಇಲ್ಲ, ಒಂದು ಮಗುವಿನ ಸೈಕಲ್ ಇಲ್ಲ. ದೂರು ಕೊಟ್ಟಿದ್ದೇವೆ.

ಒಂದೇ ಕರೆಂಟ್ ಹೋಗಿದ್ದಕ್ಕೆ ಮೇಲಿನ ಬಾಗಿಲು ತೆರೆಯಲೇ ಇಲ್ಲ, ಕೆಳಗಿನದು ತಾನಾಗಿ ಬಿಟ್ಟುಕೊಂಡಿತು. ಇದು ಹೇಗೆ ಅಂತ ಮಾರನೇ ದಿನ ಬೇರೆ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಕೇಳಿದೆ. ಅವರು ಹೇಳಿದ್ದನ್ನು ದಯವಿಟ್ಟು ಗಮನ ಇಟ್ಟು ಓದಿ.

ಕೆಳಗೆ ಇರುವುದು ಮ್ಯಾಗ್ನೆಟ್ ಲಾಕ್. ಕರೆಂಟ್ ಹರಿಯುವ ತನಕ ಮಾತ್ರ ಅದು ಬಾಗಿಲನ್ನು ಹಿಡಿದುಕೊಳ್ಳುತ್ತದೆ. 600 ಪೌಂಡಿನದು ಅಂದರೆ ಸುಮಾರು 270 ಕೆಜಿ ಎಳೆತ ತಡೆಯುತ್ತದೆ. ಕರೆಂಟ್ ನಿಂತ ಗಳಿಗೆ ಅದು ಬರೀ ಕಬ್ಬಿಣದ ತುಂಡು. ಇದಕ್ಕೆ ಫೇಲ್ ಸೇಫ್ ಅನ್ನುತ್ತಾರೆ. ಬೆಂಕಿ ಬಿದ್ದಾಗ ಜನ ಹೊರಗೆ ಓಡಲಿ ಅಂತ ಬೇಕೆಂದೇ ಹಾಗೆ ಮಾಡಿರುತ್ತಾರೆ, ತಪ್ಪೇನಿಲ್ಲ. ಮೇಲೆ ಹಾಕಿದ್ದು ಬೋಲ್ಟ್ ಲಾಕ್, ಅದರಲ್ಲೂ ಫೇಲ್ ಸೆಕ್ಯೂರ್ ಜಾತಿ. ಅದು ತೆರೆಯುವುದಕ್ಕೇ ಕರೆಂಟ್ ಬೇಕು. ಇಂಥದ್ದನ್ನು ಹಾಕಿದರೆ ಜನ ಹೊರಬರುವ ಕಡೆಯಿಂದ ಕೈಯಲ್ಲೇ ತೆಗೆಯುವ ಹಿಡಿ ಇರಲೇಬೇಕು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೂ ಇದೇ ಇದೆ: ಹೊರಹೋಗುವ ಬಾಗಿಲನ್ನು ಜನ ಬರುವ ಕಡೆಯಿಂದ ಬೀಗದ ಕೈ ಇಲ್ಲದೆ ತೆಗೆಯುವಂತಿರಬೇಕು.

ಮ್ಯಾಗ್ನೆಟ್ ಲಾಕಿಗೆ ಬ್ಯಾಟರಿ ಬೇಡವೇ ಅಂತ ನೀವು ಕೇಳಬಹುದು. ನಮ್ಮ ಬಿಲ್ಲಿನಲ್ಲಿ 'ಬ್ಯಾಟರಿ ಬ್ಯಾಕಪ್ ಸಮೇತ' ಅಂತ ಬರೆದಿದೆ. ಎಲೆಕ್ಟ್ರಿಷಿಯನ್ ಮೀಟರ್ ಬೋರ್ಡ್ ಪಕ್ಕದ ತಗಡಿನ ಡಬ್ಬಿ ತೆರೆದರು. ಬ್ಯಾಟರಿ ಕೂರಬೇಕಾದ ಜಾಗ ಖಾಲಿ. ಒಂದು ಕೆಂಪು ವೈರು, ಒಂದು ಕಪ್ಪು ವೈರು, ತುದಿಗೆ ಟೇಪ್ ಸುತ್ತಿ ಹಾಗೇ ಮಡಚಿಟ್ಟಿದ್ದರು. ನನಗೆ ಆಗ ಬಂದ ಸಿಟ್ಟು ಅಷ್ಟಿಷ್ಟಲ್ಲ. ಈ ಲಾಕ್ ಸುಮಾರು ಅರ್ಧ ಆಂಪಿಯರ್ ಎಳೆಯುತ್ತದಂತೆ. 12 ವೋಲ್ಟಿನ 7 ಎಎಚ್ (ಆಂಪಿಯರ್ ಅವರ್, ಅಂದರೆ ಒಂದು ಆಂಪಿಯರ್ ಎಳೆದರೆ ಲೆಕ್ಕಕ್ಕೆ 7 ಗಂಟೆ) ಬ್ಯಾಟರಿ ಒಂದಿದ್ದರೆ ಲೆಕ್ಕಕ್ಕೆ 14 ಗಂಟೆ ಬರಬೇಕು, ಸ್ವಲ್ಪ ಹಳೆಯದಾಗಿದ್ದರೂ ಆ ರಾತ್ರಿ ದಾಟುತ್ತಿತ್ತು. ಹಾಕಿದವನಿಗೆ ಫೋನ್ ಮಾಡಿದರೆ 'ಸರ್, ಹುಡುಗರು ಮರೆತಿರ್ತಾರೆ, ಬಂದು ಹಾಕಿಸ್ತೀನಿ' ಅಂದ. ಆಮೇಲೆ ಫೋನ್ ಎತ್ತಲೇ ಇಲ್ಲ.

ಅಲ್ಲಿಗೇ ಮುಗಿಯಲಿಲ್ಲ. ಕೀಪ್ಯಾಡ್ ಬೀದಿ ಕಡೆ ಗೋಡೆಯಲ್ಲಿದೆ, ಬಾಗಿಲು ತೆರೆಸುವ ಸರ್ಕ್ಯೂಟ್ ಕೂಡ ಅದರೊಳಗೇ ಇದೆ. ಕೆಳಗಿನ ಒಂದೇ ಒಂದು ಸ್ಕ್ರೂ ಬಿಚ್ಚಿ ಎಲೆಕ್ಟ್ರಿಷಿಯನ್ ಅದನ್ನು ಗೋಡೆಯಿಂದ ಎತ್ತಿದರು. ಹಿಂದಿನ ಎರಡು ವೈರು ತಾಗಿಸಿದರು. ಟಕ್ ಅಂತ ಬಾಗಿಲು ಬಿಟ್ಟಿತು. ಹೊರಗೆ ಬರೀ ರೀಡರ್ ಇಟ್ಟು, ಆ ಸರ್ಕ್ಯೂಟ್ ಇರುವ ಕಂಟ್ರೋಲರ್ ಒಳಗೆ ಇಡಬೇಕಿತ್ತು. ಲಾಕಿನ ಸೆಟ್ಟಿಂಗ್ ಬದಲಿಸುವ ಮಾಸ್ಟರ್ ಕೋಡ್ ಬದಲಾಯಿಸಿದ್ದಾರಾ ಅಂತ ನೋಡಿದರೆ ಕಂಪನಿಯಿಂದ ಬಂದದ್ದೇ ಇತ್ತು, ಡಬ್ಬಿಯ ಜೊತೆ ಬಂದ ಪುಸ್ತಕದಲ್ಲಿ ಅಚ್ಚಾಗಿರುವ ನಂಬರ್.

ಕಾರ್ಡಿನ ಕತೆ ಕೇಳಿ. ನಮ್ಮದು 125 ಕಿಲೋಹರ್ಟ್ಸ್ ಕಾರ್ಡ್. ಅದರಲ್ಲಿ ಇರುವುದು ಬರೀ ಒಂದು ನಂಬರ್, ಗುಟ್ಟು ಕಾಯುವ ವ್ಯವಸ್ಥೆ ಏನೂ ಇಲ್ಲ. ರೀಡರ್ ಕೇಳಿದರೆ ಹೇಳುತ್ತದೆ, ಕಳ್ಳ ಕೇಳಿದರೂ ಹೇಳುತ್ತದೆ. ಮೊದಲನೇ ಮಹಡಿಯ ಹುಡುಗ ನನ್ನ ಕಾರ್ಡ್ ತಗೊಂಡು ಹೋಗಿ ಕೀ ಮಾಡುವ ಅಂಗಡಿಯಲ್ಲಿ ಐದು ನಿಮಿಷದಲ್ಲಿ ನಕಲು ಮಾಡಿಸಿಕೊಂಡು ಬಂದ. ನಮ್ಮ ಬಾಗಿಲು ಅದಕ್ಕೂ ತೆರೆಯಿತು. ಖಾಲಿ ಮಾಡಿ ಹೋದ ಬಾಡಿಗೆಯವರ ಕಾರ್ಡ್ ವಾಪಸ್ ಇಸ್ಕೊಂಡಿದ್ದೇವೆ ಅಂತ ನೆಮ್ಮದಿಯಾಗಿ ಇದ್ದೆವಲ್ಲ, ಅದಕ್ಕೆ ಅರ್ಥವೇ ಇರಲಿಲ್ಲ. ಮೈಫೇರ್ ಕ್ಲಾಸಿಕ್ ಅನ್ನೋ ಬೇರೆ ಜಾತಿ ಕಾರ್ಡ್ ಹಾಕ್ತೀವಿ, ಅದು ಸೇಫ್ ಅಂತ ಯಾರಾದರೂ ಅಂದರೆ ಅದನ್ನೂ ಒಪ್ಪಬೇಡಿ, ಅದರ ಗುಟ್ಟು 2008ರಲ್ಲೇ ಬಯಲಾಗಿದೆ. ಎಇಎಸ್ (ಮಾಹಿತಿಯನ್ನು ಗುಟ್ಟಾಗಿಡುವ ಒಂದು ಗಟ್ಟಿ ವಿಧಾನ) ಇರುವ ಡೆಸ್‌ಫೈರ್ ಕಾರ್ಡ್ ಕೇಳಿ, ರೀಡರ್ ಕೂಡ ಆ ಎಇಎಸ್ ಬಳಸಿಯೇ ಓದುತ್ತದಾ ಅಂತ ಖಾತ್ರಿ ಮಾಡಿಕೊಳ್ಳಿ. ರೇಟ್ ಜಾಸ್ತಿ, ಆದರೆ ಎರಡು ಸಲ ಖರ್ಚು ಮಾಡುವುದು ತಪ್ಪುತ್ತದೆ.

ನಾವಂತೂ ಎರಡನೇ ಸಲ ಖರ್ಚು ಮಾಡಿದೆವು. ಈ ಸಲ ಹಾಕುವವರಿಗೆ ಮೊದಲೇ ಹೇಳಿದ್ದೆ, ನಮ್ಮ ಎದುರಿಗೆ ಮೇನ್ ಇಳಿಸಿ ತೋರಿಸಿ, ಆಮೇಲೆ ಬಾಕಿ ದುಡ್ಡು. ಕೆಲಸ ಮುಗಿದ ದಿನ ಮೂರನೇ ಮಹಡಿಯ ಅಮ್ಮ 'ನಾನೇ ಹೋಗ್ತೀನಪ್ಪ' ಅಂತ ಟೆರೇಸಿಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ನಾನು ಕೆಳಗೆ ಮೇನ್ ಸ್ವಿಚ್ ಇಳಿಸಿದೆ. ಕೆಳಗಿನ ಬಾಗಿಲನ್ನು ಇಬ್ಬರು ಸೇರಿ ತಳ್ಳಿದರೂ ಅಲ್ಲಾಡಲಿಲ್ಲ, ಬ್ಯಾಟರಿ ಹಿಡಿದಿತ್ತು. ಮೇಲೆ ಅಮ್ಮ ಹಿಡಿ ಒತ್ತಿ ಮೆಟ್ಟಿಲ ಕಡೆ ಬಂದರು, ಮತ್ತೆ ಟೆರೇಸಿಗೆ ಹೋದರು, ಇನ್ನೊಂದು ಸಲ ಒತ್ತಿ ಬಂದರು. ಆಮೇಲೆ ನನಗೆ ಕೂಗಿ ಹೇಳಿದರು, 'ಹ್ಞೂಂ, ಈಗ ಕೊಡು ದುಡ್ಡು.'