ಮಂಡಿಯ ಗದ್ದಲವೋ, ಏಸಿ ಆಫೀಸಿನ ಮೌನವೋ

ನನಗೆ ಮಾತು ಕಡಿಮೆ. ಲೆಕ್ಕ ಕೊಟ್ಟರೆ ಸಂಜೆವರೆಗೂ ತಲೆ ಎತ್ತುವುದಿಲ್ಲ. ಇಂಥವನು ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ದಲಾಲಿ ಅಂಗಡಿಯಲ್ಲಿ 3 ವರ್ಷ ಗುಮಾಸ್ತನಾಗಿದ್ದೆ. ಆಮೇಲೆ ಇದೇ ಊರಿನ ಒಂದು ಫೈನಾನ್ಸ್ ಶಾಖೆಯಲ್ಲಿ 14 ತಿಂಗಳು. "ಬಿಕಾಂ ಮಾಡಿ ಮಂಡಿಯಲ್ಲಿ ಕೂರೋದಾ?" ಅಂತ ಭಾವ ಕೇಳಿದ್ದೇ ಕೆಲಸ ಬದಲಿಸಲು ಅರ್ಧ ಕಾರಣ.

ನನ್ನ ಸ್ವಭಾವಕ್ಕೆ ಏಸಿ ಆಫೀಸೇ ಸರಿ ಅಂದುಕೊಂಡಿದ್ದೆ. ಆಗಿದ್ದು ಉಲ್ಟಾ.

ಸುಗ್ಗಿಯಲ್ಲಿ ಮಂಡಿ ಅಂದರೆ ಧೂಳು, ಟ್ರ್ಯಾಕ್ಟರ್, ಹಮಾಲರ ಕೂಗು. ತೇವಾಂಶದ ಮೀಟರ್ 14ರ ಬದಲು 17 ತೋರಿಸಿದರೆ ರೇಟು ಇಳಿಯುತ್ತದೆ, ರೈತನಿಗೂ ಸಾಹುಕಾರರಿಗೂ ಜಗಳ ಶುರು. ಆದರೆ ಆ ಗದ್ದಲದಲ್ಲಿ ನೀನೂ ಕೂಗು ಅಂತ ನನಗೆ ಯಾರೂ ಹೇಳಲಿಲ್ಲ. ಮೂಲೆಯ ಮೇಜು, ಟ್ಯಾಲಿ, ತೂಕದ ಚೀಟಿ, ಅಷ್ಟೇ ನನ್ನ ಲೋಕ.

ಫೈನಾನ್ಸ್ ಶಾಖೆ ತಣ್ಣಗಿತ್ತು, ಸದ್ದಿರಲಿಲ್ಲ. ಬೆಳಿಗ್ಗೆ 9.30ಕ್ಕೆ ಮಾತ್ರ ಎಲ್ಲರೂ ಸುತ್ತ ನಿಂತು ನಿನ್ನೆಯ ಟಾರ್ಗೆಟ್ ಎಷ್ಟಾಯಿತು ಅಂತ ಒಬ್ಬೊಬ್ಬರಾಗಿ ಹೇಳಬೇಕು. ಆಮೇಲೆ ಚಪ್ಪಾಳೆ. ಲೆಕ್ಕಕ್ಕೆ ಅಂತ ಸೇರಿಸಿಕೊಂಡವರು ನನ್ನ ತಲೆಗೂ ಚಿನ್ನದ ಸಾಲದ ಟಾರ್ಗೆಟ್ ಕಟ್ಟಿದರು. ನೆಂಟರ ಮದುವೆಗೆ ಹೋದರೂ ಯಾರ ಕೊರಳಲ್ಲಿ ಏನಿದೆ ಅಂತ ನೋಡುವ ಹಾಗಾಯಿತು, ಥೂ! ಪಕ್ಕದ ಮೇಜಿನ ಜಗಳೂರಿನ ಹುಡುಗನಿಗೆ ಮಾತ್ರ ಆ 9.30 ಅಂದರೆ ಹಬ್ಬ. ಅವನನ್ನು ಮಂಡಿಯ ಮೂಲೆಯಲ್ಲಿ ಕೂರಿಸಿದರೆ ವಾರಕ್ಕೇ ಓಡಿಹೋಗುತ್ತಿದ್ದ.

ದೊಡ್ಡ ವ್ಯತ್ಯಾಸ ಕಂಡಿದ್ದು ತಪ್ಪು ಮಾಡಿದಾಗ. ಮಂಡಿಯಲ್ಲಿ ಒಬ್ಬ ರೈತನ ಪಟ್ಟಿಯಲ್ಲಿ 72 ಚೀಲ ಹೋಗಿ 27 ಆಗಿತ್ತು. "ಕಣ್ಣು ಎಲ್ಲಿಟ್ಟಿದ್ಯೋ!" ಅಂತ ಸಾಹುಕಾರರು ಎಲ್ಲರೆದುರೇ ಬೈದರು. ಅರ್ಧ ಗಂಟೆಗೆ ಮಂಡಕ್ಕಿ-ಮೆಣಸಿನಕಾಯಿ ಪೊಟ್ಟಣ ನನ್ನ ಮೇಜಿಗೆ ಬಂತು. ಅಲ್ಲಿಗೆ ಮುಗಿಯಿತು. ಶಾಖೆಯಲ್ಲಿ ಒಂದು ರಸೀದಿ ತಪ್ಪಿದಾಗ ಯಾರೂ ಒಂದು ಮಾತೂ ಆಡಲಿಲ್ಲ. 3 ತಿಂಗಳ ನಂತರ ಇನ್‌ಕ್ರಿಮೆಂಟ್ ಹೊತ್ತಿಗೆ ಅದೇ ರಸೀದಿ ಹೊರಗೆ ಬಂತು.

ಹಾಗಂತ ಮಂಡಿ ಸ್ವರ್ಗವಲ್ಲ. ಸುಗ್ಗಿಯಲ್ಲಿ ಮನೆ ಸೇರುವಾಗ ರಾತ್ರಿ 10. ಪಿಎಫ್ ಕಡ್ಡಾಯ ಆಗೋಕೆ 20 ಜನ ಇರಬೇಕು, ನಾವಿದ್ದದ್ದು 6. ಸಂಬಳದ ಚೀಟಿ ಇಲ್ಲದೆ ಬೈಕ್ ಸಾಲಕ್ಕೂ ಅಲೆದಿದ್ದೇನೆ. ಈ ವಿಷಯದಲ್ಲಿ ಶಾಖೆಗೇ ಪೂರ್ತಿ ಅಂಕ.

ಹೋದ ತಿಂಗಳು ಒಬ್ಬ ಆಡಿಟರ್ ಹತ್ತಿರ ಕೆಲಸ ಕೇಳಲು ಹೋದೆ. ಬೇಕಂತಲೇ ಅರ್ಧ ಗಂಟೆ ಮುಂಚೆ ಹೋಗಿ ಹೊರಗಿನ ಬೆಂಚಲ್ಲಿ ಸುಮ್ನೆ ಕೂತೆ. ಅವತ್ತು 20ನೇ ತಾರೀಖು, ಜಿಎಸ್‌ಟಿ ರಿಟರ್ನ್‌ಗೆ ಕೊನೆ ದಿನ. ಒಳಗೆ ಒಬ್ಬ ಹುಡುಗ ಏನೋ ತಪ್ಪು ತುಂಬಿಸಿದ್ದ. ಆಡಿಟರ್ ಜೋರಾಗಿ ಬೈದರು. ಆಮೇಲೆ ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲೇ ಕೂತು ಸರಿ ಮಾಡಿಸಿದರು. ಸಂಬಳ ಎಷ್ಟು ಅಂತ ಕೇಳುವ ಮೊದಲೇ ನಾನು ಹೂಂ ಅಂದುಬಿಟ್ಟಿದ್ದೆ. ಅದಕ್ಕೆ ಮನೆಯಲ್ಲಿ ಬೈಸಿಕೊಂಡಿದ್ದು ಬೇರೆ ಕಥೆ.