ಮಾಥ್, ವಾಸ್ಪ್, ಯುಎಫ್‌ಓ: ಮೂರು ಹಳೇ ಹಾರುವ ದೋಣಿ ಓಡಿಸಿ ನೋಡಿದೆ

ಮೂರೂ ಸೆಕೆಂಡ್ ಹ್ಯಾಂಡ್. ಮೂರನ್ನೂ ಮಾರುವವರ ಎದುರೇ ನೀರಿಗಿಳಿಸಿದೆ, ಮೂರರಿಂದಲೂ ಬಿದ್ದೆ. ಮನಸ್ಸಿನಲ್ಲಿ ಇದ್ದದ್ದು ಮಾಥ್ ಒಂದೇ, ಉಳಿದೆರಡನ್ನು ಸುಮ್ನೆ ನೋಡೋಣ ಅಂತ ಹೋಗಿದ್ದೆ. ನನ್ನ ತೂಕ 82 ಕಿಲೋ. ಮಾಮೂಲಿ ಹಾಯಿದೋಣಿ ಓಡಿಸಿ ಅಭ್ಯಾಸ ಇದೆ, ಫಾಯಿಲ್ (ವೇಗ ಬಂದಾಗ ದೋಣಿಯನ್ನೇ ನೀರಿನಿಂದ ಮೇಲೆತ್ತುವ, ನೀರೊಳಗಿನ ರೆಕ್ಕೆ) ಮೇಲೆ ಮಾತ್ರ ಹೊಸಬ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ 60 ಕಿಲೋ ಇರುವವರನ್ನು ಮೇಲೆತ್ತಲು ಕಡಿಮೆ ಗಾಳಿ ಸಾಕು, ಅವರಿಗೆ ನನ್ನ ಲೆಕ್ಕ ಹೊಂದುವುದಿಲ್ಲ.

ಮೊದಲು ಮಾಥ್. ಉದ್ದ 3.355 ಮೀಟರ್, ನಾವು ಕೂರುವ ಪಕ್ಕದ ರೆಕ್ಕೆ ಸೇರಿ ಅಗಲ 2.25 ಮೀಟರ್, ಹಾಯಿ ಎಲ್ಲ ಕಟ್ಟಿದ ಮೇಲೂ ತೂಕ 30 ಕಿಲೋ ಆಸುಪಾಸು. ನೀರಿನಲ್ಲಿ ಕೂರುವ ಹಲ್, ಅಂದರೆ ದೋಣಿಯ ಒಡಲು, ಸುಮಾರು ಒಂದು ಅಡಿ ಅಗಲ ಅಷ್ಟೇ. ನಿಂತ ದೋಣಿಯಲ್ಲಿ ಬೀಳದೆ ಕೂರುವುದೇ ಒಂದು ಸರ್ಕಸ್. ಫಾಯಿಲ್‌ಗಳನ್ನು ಕೆಳಗಿನಿಂದ ಜೋಡಿಸಿ, ದೋಣಿಯನ್ನು ಮಗ್ಗುಲಿಗೆ ಮಲಗಿಸಿಕೊಂಡೇ ಎದೆಮಟ್ಟದ ನೀರಿಗೆ ನಡೆದು, ಅಲ್ಲಿ ಎತ್ತಿ ನಿಲ್ಲಿಸಿ, ಅದು ಇನ್ನೊಂದು ಕಡೆ ಮಗುಚುವ ಮೊದಲು ಹತ್ತಬೇಕು. ಮೊದಲ ಮುಕ್ಕಾಲು ಗಂಟೆ ನಾನು ಮಾಡಿದ್ದು ಹತ್ತುವುದು ಮತ್ತು ಬೀಳುವುದು.

ಆಮೇಲೆ ಒಂದು ಒಳ್ಳೆ ಗಾಳಿ ಬಂತು. ದೋಣಿ ಎದ್ದಿತು. ಹಲ್‌ಗೆ ನೀರು ಬಡಿಯುವ ಸದ್ದು ಹೋಗಿ ಕೆಳಗಿನಿಂದ ಸಣ್ಣ ಗುಂಯ್‌ಗುಡುವ ಸದ್ದು ಮಾತ್ರ ಉಳಿಯಿತು. ಹತ್ತು ಸೆಕೆಂಡ್ ಇರಬಹುದು. ಆ ಹತ್ತು ಸೆಕೆಂಡ್ ಇನ್ನೂ ತಲೆಯಿಂದ ಹೋಗಿಲ್ಲ.

ಹನ್ನೊಂದನೇ ಸೆಕೆಂಡಿಗೆ ಮೂಗು ಮುಳುಗಿಸಿ ಬಿದ್ದೆ. ತಪ್ಪು ನನ್ನದೇ ಅಂದುಕೊಂಡೆ, ಅರ್ಧ ನಿಜವೂ ಹೌದು. ಇನ್ನರ್ಧ ವಾಂಡ್‌ನದ್ದು. ವಾಂಡ್ ಅಂದರೆ ದೋಣಿಯ ಮೂತಿಯಿಂದ ಇಳಿಬಿದ್ದು ನೀರನ್ನು ಸವರಿಕೊಂಡು ಬರುವ ಕಡ್ಡಿ. ದೋಣಿ ತಗ್ಗಿದರೆ ನೀರು ಕಡ್ಡಿಯನ್ನು ಹಿಂದಕ್ಕೆ ತಳ್ಳುತ್ತದೆ, ಅದು ಒಳಗಿನ ಸರಳುಗಳ ಮೂಲಕ ಮುಖ್ಯ ಫಾಯಿಲ್‌ನ ಫ್ಲ್ಯಾಪ್ ಅನ್ನು (ಫಾಯಿಲ್ ಹಿಂಬದಿಯ ಅಲ್ಲಾಡುವ ಪಟ್ಟಿ) ಕೆಳಕ್ಕೆ ಬಾಗಿಸುತ್ತದೆ, ದೋಣಿ ಮೇಲೇಳುತ್ತದೆ. ಜಾಸ್ತಿ ಮೇಲೆ ಹೋದರೆ ಇದೆಲ್ಲ ಉಲ್ಟಾ. ಈ ದೋಣಿಯಲ್ಲಿ ಪ್ರತಿ ಕೀಲೂ ಸವೆದಿತ್ತು. ದಡಕ್ಕೆ ತಂದು ಒಂದು ಕೈಯಲ್ಲಿ ಫ್ಲ್ಯಾಪ್ ಹಿಡಿದು ಇನ್ನೊಂದು ಕೈಯಲ್ಲಿ ಕಡ್ಡಿ ಅಲ್ಲಾಡಿಸಿದರೆ, ಕಡ್ಡಿ ನಾಲ್ಕು ಬೆರಳಿನಷ್ಟು ಸರಿದ ಮೇಲೆ ಫ್ಲ್ಯಾಪ್‌ಗೆ ಸುದ್ದಿ ಮುಟ್ಟುತ್ತಿತ್ತು! ಅಷ್ಟರಲ್ಲಿ ಫಾಯಿಲ್ ನೀರಿನಿಂದ ಹೊರಗೆ ಬಂದಿರುತ್ತದೆ, ಕೆಲಸ ಮುಗಿಯಿತು. "ಅಭ್ಯಾಸ ಆದ್ರೆ ಸರಿಹೋಗುತ್ತೆ ಸಾರ್" ಅಂದರು ಮಾರುವವರು. ಸವೆದ ಕೀಲು ಯಾರ ಅಭ್ಯಾಸದಿಂದ ಸರಿಹೋಗುತ್ತೆ ಹೇಳಿ.

ಹೊಸ ಕೀಲು ಹಾಕಿದರಾಯಿತು, ಅಲ್ವಾ? ಅಲ್ಲೇ ಸಿಕ್ಕಿಕೊಂಡೆ. ಮಾಥ್‌ನಲ್ಲಿ ನಿಯಮ ಹೇಳುವುದು ಉದ್ದ, ಅಗಲ, ಹಾಯಿಯ ವಿಸ್ತೀರ್ಣ ಇಂಥ ಕೆಲವನ್ನು ಮಾತ್ರ, ಉಳಿದದ್ದು ಕಟ್ಟುವವರ ತಲೆಗೆ ಬಿಟ್ಟದ್ದು. 2005ರಲ್ಲಿ ಆಸ್ಟ್ರೇಲಿಯದ ರೋಹನ್ ವೀಲ್ ಫಾಯಿಲ್ ಮೇಲೆ ಮಾಥ್ ವಿಶ್ವ ಚಾಂಪಿಯನ್ ಆದ ಮೇಲಂತೂ ವಿನ್ಯಾಸಗಳು ಬದಲಾಗುತ್ತಲೇ ಇವೆ. ಹಾಗಾಗಿ ಹತ್ತು ವರ್ಷದ ಮಾಥ್‌ಗೆ ಇವತ್ತಿನ ಭಾಗ ಕೂರದೇ ಇರಬಹುದು, ನೀವೇ ಲೇತ್ ಹಿಡಿಯಬೇಕಾಗಬಹುದು. ಅದರಲ್ಲೇ ಖುಷಿ ಪಡುವವರಿದ್ದಾರೆ. ನನಗೆ ವಾರಕ್ಕೆ ಸಿಗುವುದು ಒಂದು ಮಧ್ಯಾಹ್ನ.

ವಾಸ್ಪ್ ಮಾಡಿದವರು ಆಂಡ್ರ್ಯೂ ಮ್ಯಾಕ್‌ಡೂಗಲ್. ಮಾಥ್ ಲೋಕದಲ್ಲಿ ಹೆಸರು ಮಾಡಿದ ಮಾಕ್ 2 ಅನ್ನುವ ದೋಣಿ ಕೂಡ ಇವರದೇ ವಿನ್ಯಾಸ. ಅಳತೆ ಹೆಚ್ಚುಕಡಿಮೆ ಮಾಥ್‌ನದ್ದೇ, ಆದರೆ ಎಲ್ಲ ವಾಸ್ಪ್‌ಗಳೂ ಒಂದೇ ಅಚ್ಚು. ಭಾಗ ಮುರಿದರೆ ಅದೇ ಭಾಗ ತರಿಸಿ ಹಾಕಿದರೆ ಆಯಿತು. ಕಂಬಕ್ಕೆ ಪಕ್ಕದ ತಂತಿಗಳಿಲ್ಲ, ಅಂದರೆ ದೋಣಿ ನಮ್ಮನ್ನು ಮುಂದಕ್ಕೆ ಎಸೆದಾಗ ತಂತಿಗೆ ಮುಖ ಬಡಿಯುವ ಭಯ ಇಲ್ಲ. ನಾನು ಮೂರು ಸಲ ಹಾಗೇ ಹಾರಿ ಬಿದ್ದೆ, ನೀರು ಕುಡಿದದ್ದು ಬಿಟ್ಟರೆ ಏನೂ ಆಗಲಿಲ್ಲ. ಫಾಯಿಲ್ ಮೇಲಕ್ಕೆ ಎಳೆಯಬಹುದು, ಹಾಗಾಗಿ ಸೊಂಟಮಟ್ಟದ ನೀರಿನಲ್ಲೇ ಶುರು ಮಾಡಬಹುದು. 8.2 ಚದರ ಮೀಟರ್ ಹಾಯಿ ಜೋರು ಗಾಳಿಗೆ ದೊಡ್ಡದಾದರೆ 6.9 ಅಥವಾ 5.8ರದ್ದನ್ನು ಅದೇ ದೋಣಿಗೆ ಕಟ್ಟಬಹುದು.

ಭಾರ ಮಾತ್ರ ಜಾಸ್ತಿ. 48 ಕಿಲೋ ಹತ್ತಿರ. ಗಾಳಿ ಮಂದವಾಗಿದ್ದಾಗ ಏಳುವುದೇ ಇಲ್ಲ, ಮಾಥ್ ಎದ್ದಿರುತ್ತಿತ್ತು ಅಂತ ಹೊಟ್ಟೆ ಉರಿದುಕೊಂಡು ಕೂರಬೇಕು. ಎದ್ದ ಮೇಲೆ ಮಾತ್ರ ಇದು ಬೇಗ ಪಳಗಿತು. ಮೂರರಲ್ಲೂ ನನಗೆ ಕಷ್ಟವಾದದ್ದು ಒಂದೇ. ಮಾಮೂಲಿ ದೋಣಿಯನ್ನು ನೆಟ್ಟಗೆ ಇಡಲು ನೋಡುತ್ತೇವೆ, ಇವನ್ನು ಗಾಳಿ ಬರುವ ಕಡೆಗೇ, ಅಂದರೆ ನಮ್ಮ ಕಡೆಗೇ, ವಾಲಿಸಿಕೊಂಡು ಓಡಿಸಬೇಕು. ತಲೆ ಒಪ್ಪುತ್ತದೆ, ಬೆನ್ನು ಒಪ್ಪುವುದಿಲ್ಲ.

ನಾನು ನೋಡಿದ ವಾಸ್ಪ್‌ನ ತೊಂದರೆ ಅಲ್ಯೂಮಿನಿಯಂ ಮತ್ತು ಉಪ್ಪುನೀರು. ಹಿಂದಿನವರು ಓಡಿಸಿದ ಮೇಲೆ ಸಿಹಿನೀರಿನಲ್ಲಿ ತೊಳೆಯುತ್ತಿರಲಿಲ್ಲ ಅಂತ ಕಾಣುತ್ತೆ. ಅಲ್ಯೂಮಿನಿಯಂಗೆ ಹಾಕಿದ ಸ್ಟೀಲ್ ಬೋಲ್ಟ್‌ಗಳ ಸುತ್ತ ಬಿಳಿ ಪುಡಿ ಕಟ್ಟಿತ್ತು, ಎರಡು ಬೋಲ್ಟ್ ಅಲ್ಲಾಡಲೇ ಇಲ್ಲ. ನೀವು ನೋಡಲು ಹೋದರೆ ಸ್ಪ್ಯಾನರ್ ಜೊತೆಗಿರಲಿ, ಪ್ರತಿ ಬೋಲ್ಟನ್ನೂ ಬಿಚ್ಚಿ ತೋರಿಸಿ ಅಂತ ಕೇಳಿ. ಹಲ್ ಅನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ, ಟಣ್ ಅನ್ನುತ್ತಿದ್ದದ್ದು ಒಂದು ಕಡೆ ಡಬ್ ಅಂದರೆ ಒಳಗೆ ಪದರ ಬಿಟ್ಟಿರಬಹುದು. ಒಂದು ತೂಕದ ಮಾಪಕವೂ ಇರಲಿ, ಹಲ್ ಒಳಗೆ ಸೇರಿದ ನೀರನ್ನು ಅದು ಹಿಡಿದುಕೊಡುತ್ತದೆ.

ಯುಎಫ್‌ಓ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಮೆರಿಕದ ರೋಡ್ ಐಲೆಂಡ್‌ನ ಫುಲ್ಕ್ರಮ್ ಸ್ಪೀಡ್‌ವರ್ಕ್ಸ್ ಕಟ್ಟಿದ್ದು. ಎರಡು ಹಲ್ ಇರುವುದರಿಂದ ನಿಂತಾಗ ತಾನೇ ನೆಟ್ಟಗಿರುತ್ತದೆ, ನೀವು ಕೂತು ಉಸಿರು ಬಿಡಬಹುದು. ಫಾಯಿಲ್ ಎತ್ತಿ ಆಳವಿಲ್ಲದ ದಡದಿಂದಲೇ ಹೊರಡಬಹುದು. ಮೊದಲ ದಿನವೇ ಅತಿ ಹೆಚ್ಚು ಹೊತ್ತು ಹಾರಿದ್ದು ಇದರಲ್ಲೇ. ಒಂಟಿಯಾಗಿ, ಸಹಾಯಕ್ಕೆ ಬೇರೆ ದೋಣಿ ಇಲ್ಲದ ಕಡೆ ಓಡಿಸುವವರು ಇದನ್ನೇ ನೋಡಲಿ. ನನಗೆ ಮಾತ್ರ ಗಾಳಿಗೆ ಎದುರಾಗಿ ಹೋಗುವಾಗ ಮಜಾ ಬರಲಿಲ್ಲ, ಮಾಥ್ ರುಚಿ ನೋಡಿದ ನಾಲಿಗೆ ಅದು.

ಕೊನೆಗೆ ವಾಸ್ಪ್ ತಂದೆ, ಹಿಡಿದುಕೊಂಡ ಬೋಲ್ಟ್‌ಗಳನ್ನು ತೋರಿಸಿ ಚೌಕಾಶಿ ಮಾಡಿ. ಎರಡನೇ ವಾರ ವಾಂಡ್ ಮುರಿಯಿತು. ಹೊಸದು ತರಿಸಿದೆ, ಹಾಕಿದೆ, ಆ ಮಧ್ಯಾಹ್ನವೇ ಹಾರಿದೆ. ಆ ಮಾಥ್ ಇನ್ನೂ ಮಾರಾಟ ಆಗಿಲ್ಲ. ಮೊನ್ನೆ ಮತ್ತೆ ಜಾಹೀರಾತು ನೋಡಿದೆ, ಸುಮ್ನೆ.